ಮಕ್ಕಳ ಬಯಲು ಕಲೆ: ಔಚಿತ್ಯದೃಷ್ಟಿಯಿಂದ ಒಂದು ವಿಚಾರ

೧

ಮಕ್ಕಳನ್ನು ಕೊಠಡಿಯಿಂದ ಹೊರಗೆ ಕರೆದೊಯ್ದು, ಎಲೆ, ಹೂವು, ಕಲ್ಲು, ಮಣ್ಣು, ಕಡ್ಡಿಗಳಿಂದಲೇ ಕಲಾಕೃತಿಗಳನ್ನು ಮಾಡಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿಯೂ ಬೇಸಿಗೆಯ ಶಿಬಿರಗಳಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂದಿದೆ. ಇದರ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉದ್ದೇಶದ ಒಳ್ಳೆಯತನವೇ ಕೃತಿಯ ಒಳ್ಳೆಯತನಕ್ಕೆ ಪ್ರಮಾಣವಾಗುವುದಿಲ್ಲವೆಂಬುದು ಸಾಹಿತ್ಯವಿಮರ್ಶೆಯಲ್ಲಿ ನಾವು ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಮಾತು. ಕಾವ್ಯಕ್ಕೆ ಅನ್ವಯಿಸುವ ಈ ನ್ಯಾಯವನ್ನು ಮಕ್ಕಳ ಕಲೆಗೆ ಅನ್ವಯಿಸಲು ನಾವು ಹಿಂಜರಿಯುತ್ತೇವೆ. ಮಕ್ಕಳು ಮಾಡಿದುದೆಲ್ಲವೂ ಚೆನ್ನು ಎಂಬ ವಾತ್ಸಲ್ಯದ ಮಾತಿನಿಂದ ಅದನ್ನು ಮುಗಿಸಿಬಿಡುತ್ತೇವೆ. ವಾತ್ಸಲ್ಯ ಇರಬೇಕಾದುದೇ, ಆದರೆ ಮಗುವಿನಿಂದ ಆ ಕೆಲಸವನ್ನು ಮಾಡಿಸಿದ ಹಿರಿಯರ ಯೋಜನೆಯನ್ನು ಪರೀಕ್ಷಿಸದಿರಲು ಅದು ನೆಪವಾಗಬಾರದು. ಪ್ರಕೃತ ಲೇಖನದಲ್ಲಿ ನಾವು ವಿಮರ್ಶಿಸಹೊರಟಿರುವುದು ಮಕ್ಕಳನ್ನಲ್ಲ, ಆ ಯೋಜನೆಯನ್ನು.

ಈ ವಿಚಾರಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳನ್ನು ಕ್ಷೇತ್ರವಾಗಿ ಆರಿಸಿಕೊಂಡಿದ್ದೇವೆ. ತುಂಗೆ ಶೃಂಗೇರಿಯನ್ನೂ ಹರಿಹರಪುರವನ್ನೂ ಹಾದುಹೋಗುತ್ತದೆ. ಭದ್ರೆ ಬಾಳೆಹೊನ್ನೂರಿನ ಬಳಿ ಹರಿದು ನರಸಿಂಹರಾಜಪುರದ ಸೀಮೆಯಲ್ಲಿ ಲಕ್ಕವಳ್ಳಿ ಜಲಾಶಯದ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಅಡಿಕೆ ತೋಟ, ಗದ್ದೆ, ಕಾಫಿ ತೋಟ, ಸೊಪ್ಪಿನಬೆಟ್ಟ, ಕಾಡು ಇವೆಲ್ಲವೂ ಇಲ್ಲಿ ಒಂದು ಮಗುವಿನ ನಡೆದಾಟದ ದೂರದೊಳಗೇ ಇವೆ. 'ಪ್ರಕೃತಿ'ಯನ್ನು ಹುಡುಕಿಕೊಂಡು ಹೋಗಬೇಕಾದ ಸ್ಥಿತಿ ನಗರದ ಮಗುವಿನದು. ಈ ಸೀಮೆಯ ಮಗುವಿಗೆ ಅದು ಹಿತ್ತಿಲಲ್ಲಿದೆ. ಹೀಗಿರುವಾಗ ಬಯಲು ಕಲೆಯ ತತ್ತ್ವ ಇಲ್ಲಿ ಸುಲಭವಾಗಿ ಸಿದ್ಧಿಸಬೇಕು. ಸಿದ್ಧಿಸದಿದ್ದರೆ ದೋಷ ಸಾಮಗ್ರಿಯ ಕೊರತೆಯಲ್ಲಿಲ್ಲ, ಬೇರೆಲ್ಲೋ ಇದೆ ಎಂದು ತಿಳಿಯಬೇಕಾಗುತ್ತದೆ.

೨

ನಮ್ಮ ನಾಡಿನ ಯಾವ ಶಾಲೆಯಲ್ಲಾದರೂ ಮಗುವಿನ ಕೈಗೆ ಕಾಗದ ಕೊಟ್ಟು ಪ್ರಕೃತಿಯ ಚಿತ್ರವನ್ನು ಬರೆಯಹೇಳಿದರೆ ಬರುವ ಚಿತ್ರ ಬಹುಮಟ್ಟಿಗೆ ಒಂದೇ. ಎರಡು ತ್ರಿಕೋನಾಕಾರದ ಬೆಟ್ಟಗಳು, ಅವುಗಳ ಸಂದಿನಲ್ಲಿ ಕಿರಣಗಳನ್ನು ಚಾಚಿದ ಅರ್ಧ ಸೂರ್ಯ, ಅಲ್ಲಿಂದ ಇಳಿದು ಅಗಲವಾಗುವ ನೀಲಿ ನದಿ, ದಡದಲ್ಲಿ ಒಂದು ಗುಡಿಸಲು, ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಆಕಾಶದಲ್ಲಿ ಎರಡು ಗೀಟುಗಳ ಹಕ್ಕಿಗಳು. ಬಯಲುಸೀಮೆಯ ಮಗುವೂ ಕರಾವಳಿಯ ಮಗುವೂ ಇದನ್ನೇ ಬರೆಯುತ್ತವೆ. ಕೊಪ್ಪದ ಮಗುವೂ ಇದನ್ನೇ ಬರೆದರೆ ಆಗ ನಾವು ನಿಂತು ಯೋಚಿಸಬೇಕಾಗುತ್ತದೆ. ಆ ಮಗು ನಿತ್ಯವೂ ಕಾಣುವ ಬೆಟ್ಟಗಳು ತ್ರಿಕೋನಗಳಲ್ಲ. ಅವು ಕಾಡು ಹೊದ್ದ ಉರುಟು ಮೈಗಳು, ನೆತ್ತಿಯಲ್ಲಿ ಹುಲ್ಲು, ಕಣಿವೆಗಳಲ್ಲಿ ಕಪ್ಪು ಮರಗುಂಪು. ಮುಂಗಾರಿನ ತಿಂಗಳುಗಳಲ್ಲಿ ಸೂರ್ಯ ದಿನಗಟ್ಟಲೆ ಕಾಣಿಸಿಕೊಳ್ಳುವುದಿಲ್ಲ. ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರನ್ನು ಮೀರಿ ಮಳೆ ಬೀಳುತ್ತದೆ. ಶೃಂಗೇರಿ ತಾಲ್ಲೂಕಿನ ಕಿಗ್ಗ ಅದೇ ಮಳೆಯ ಸೆರಗಿನಲ್ಲಿರುವ ಊರು. ಇಂಥ ಮಳೆಯಲ್ಲಿ ಬೆಳೆದ ಮಗುವಿನ ಚಿತ್ರದಲ್ಲಿ ಮಳೆ ಇಲ್ಲ, ಮಂಜಿಲ್ಲ, ಅಡಿಕೆಯ ನೇರ ಕಂಬಗಳ ಸಾಲಿಲ್ಲ. ಕಣ್ಣು ಕಂಡದ್ದನ್ನು ಕೈ ಬರೆಯಲಿಲ್ಲ. ಕೈ ಕಲಿತದ್ದನ್ನು ಕಣ್ಣು ಒಪ್ಪಿಕೊಂಡಿತು.

ಸಾಹಿತ್ಯದ ಕಡೆಗೆ ತಿರುಗಿದರೆ ಇದರ ವಿಪರ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಕುವೆಂಪು ಅವರು ೧೯೦೪ರಲ್ಲಿ ಹುಟ್ಟಿದುದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ 'ಮಲೆನಾಡಿನ ಚಿತ್ರಗಳು' ೧೯೩೩ರಲ್ಲಿ ಪ್ರಕಟವಾಯಿತು. ಆ ಕೃತಿಯ ಹೆಸರಿನಲ್ಲಿಯೇ 'ಚಿತ್ರ'ವೆಂಬ ಮಾತಿದೆಯೆಂಬುದನ್ನು ಗಮನಿಸಬೇಕು. ಮಲೆನಾಡನ್ನು ಮಲೆನಾಡಾಗಿಯೇ ನೋಡುವ ಕಣ್ಣು ಕನ್ನಡ ಗದ್ಯಕ್ಕೆ ಬಂದು ತೊಂಬತ್ತು ವರ್ಷಗಳಿಗೂ ಮಿಕ್ಕಿದುವು. ಅದೇ ಸೀಮೆಯ ಮಕ್ಕಳ ಚಿತ್ರಪುಸ್ತಕಕ್ಕೆ ಆ ಕಣ್ಣು ಇನ್ನೂ ಬರಬೇಕಾಗಿದೆ.

ಮಗುವನ್ನು ಬಯಲಿಗೆ ಕರೆದೊಯ್ದರೆ ಈ ದೋಷ ತಾನಾಗಿ ಹೋಗುತ್ತದೆಂಬುದು ಹೊಸ ಯೋಜನೆಗಳ ನಂಬಿಕೆ. ಆದರೆ ಅಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಮಕ್ಕಳು ಎಲೆಗಳನ್ನು ಆಯ್ದು ತರುತ್ತಾರೆ. ಆ ಎಲೆಗಳನ್ನು ಕಾರ್ಡ್‌ಬೋರ್ಡಿನ ಮೇಲೆ ಅಂಟಿಸಿ ಚಿಟ್ಟೆಯನ್ನೋ ನವಿಲನ್ನೋ ಮಾಡುತ್ತಾರೆ. ಚಿಟ್ಟೆಯ ಆಕಾರ ಮೊದಲೇ ಗೊತ್ತಾಗಿರುತ್ತದೆ. ಎಲೆ ಅದರೊಳಗೆ ತುಂಬುವ ಬಣ್ಣ ಮಾತ್ರ. ಹಲಸಿನ ಎಲೆಯಾದರೂ ಒಂದೇ, ಮಾವಿನ ಎಲೆಯಾದರೂ ಒಂದೇ. ಎಲೆಯ ಬೆನ್ನೇನು, ನರವೇನು, ದಪ್ಪವೇನು ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಎರಡು ಬೆಟ್ಟಗಳ ಚಿತ್ರವೇ ಬೇರೆ ವೇಷದಲ್ಲಿ ಅಂಗಳಕ್ಕೆ ಬಂದು ಕುಳಿತಿದೆಯೆಂದು ಹೇಳಬೇಕಾಗುತ್ತದೆ. ಕಾಗದದ ಬದಲು ಎಲೆ ಬಂದಿತೇ ಹೊರತು ನೋಟ ಬದಲಾಗಲಿಲ್ಲ.

೩

ಈ ಪದ್ಧತಿಯ ಹಿಂದಿರುವ ವಿಚಾರಪರಂಪರೆಯನ್ನು ಸಂಕ್ಷೇಪವಾಗಿಯಾದರೂ ನೆನೆಯುವುದು ಉಚಿತ. ಜರ್ಮನಿಯ ಫ್ರೋಬೆಲ್ ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ತೆರೆದ ಶಿಶುಶಾಲೆ ಮುಂದೆ ಮಕ್ಕಳ ತೋಟವೆಂಬ ಅರ್ಥದ ಹೆಸರನ್ನು ಪಡೆಯಿತು. ಅದು ಬರಿಯ ರೂಪಕವಾಗಿರಲಿಲ್ಲ. ಮಗುವಿಗೆ ತನ್ನದೇ ಆದ ಪಾತಿಯೊಂದಿರಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. ವಿಯೆನ್ನಾದ ಫ್ರಾಂಟ್ಸ್ ಚಿಜೆಕ್ ೧೮೯೭ರಲ್ಲಿ ಮಕ್ಕಳಿಗಾಗಿ ಕಲಾತರಗತಿಯನ್ನು ಆರಂಭಿಸಿ, ಹಿರಿಯರ ಮಾದರಿಗಳನ್ನು ನಕಲು ಮಾಡಿಸುವುದನ್ನು ನಿಲ್ಲಿಸಿದನು. ಮಕ್ಕಳ ಕಲೆಗೆ ಅದರದೇ ಆದ ಧರ್ಮವಿದೆಯೆಂಬ ತತ್ತ್ವ ಅಲ್ಲಿಂದ ಬಲಗೊಂಡಿತು.

ನಮ್ಮ ದೇಶದಲ್ಲಿ ರವೀಂದ್ರರು ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದು ಮರಗಳ ನೆರಳನ್ನೇ ತರಗತಿಯಾಗಿ ಮಾಡಿದರು. ೧೯೧೯ರಲ್ಲಿ ಕಲಾಭವನ ಪ್ರಾರಂಭವಾದ ಮೇಲೆ ನಂದಲಾಲ ಬಸು ಅವರ ನೇತೃತ್ವದಲ್ಲಿ ನೆಲದ ಮೇಲಿನ ಅಲ್ಪನಾ, ಋತುಗಳ ಹಬ್ಬ, ೧೯೨೮ರಲ್ಲಿ ತೊಡಗಿದ ವೃಕ್ಷಾರೋಪಣದ ಉತ್ಸವ ಇವೆಲ್ಲ ಕಲಾಶಿಕ್ಷಣದ ಅಂಗಗಳಾದುವು. ೧೯೩೬ರಲ್ಲಿ ಫೈಜಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಾಂಧೀಜಿಯವರ ಅಪೇಕ್ಷೆಯಂತೆ, ಬಿದಿರು ಹುಲ್ಲು ಮೊದಲಾದ ಹಳ್ಳಿಯ ಸಾಮಗ್ರಿಗಳಿಂದಲೇ ನಂದಲಾಲರು ಮಂಟಪಗಳನ್ನು ಅಲಂಕರಿಸಿದರು. ಕನ್ನಡನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಆ ಸ್ಥಳ ಬಾಲವನವೆಂದು ಪ್ರಸಿದ್ಧವಾಗಿದೆ. ಮಗುವಿನ ಕುತೂಹಲಕ್ಕಾಗಿ ಅವರು ಬರೆದ 'ಬಾಲಪ್ರಪಂಚ' ೧೯೩೬ರಲ್ಲಿ ಹೊರಬಂದಿತು.

ಇತ್ತೀಚಿನ ಅಧಿಕೃತ ದಾಖಲೆಗಳೂ ಇದೇ ಮಾತನ್ನು ಹೇಳಿವೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಒಂದು ವಿಷಯವಾಗಿರಬೇಕೆಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಕೊಟ್ಟು, ಸ್ಥಳೀಯ ಬಡಗಿ, ಕುಂಬಾರ, ತೋಟಗಾರ, ಕಲಾವಿದರೊಡನೆ ಅವರು ಕೆಲಸ ಮಾಡಬೇಕೆಂದು ಸೂಚಿಸಿತು. ತತ್ತ್ವಕ್ಕೆ ಕೊರತೆಯಿಲ್ಲವೆಂದು ಇದರಿಂದ ತಿಳಿಯುತ್ತದೆ. ಫ್ರೋಬೆಲನ ಪಾತಿಯಲ್ಲಿಯೂ ಶಾಂತಿನಿಕೇತನದ ಅಂಗಳದಲ್ಲಿಯೂ ಮುಖ್ಯವಾಗಿದ್ದುದು ಸ್ಥಳದೊಡನೆ ಮಗುವಿಗೆ ಬೆಳೆಯುವ ಸಂಬಂಧ. ತತ್ತ್ವವನ್ನು ಎರವಲು ತಂದವರು ಆ ಸಂಬಂಧವನ್ನು ಬಿಟ್ಟು ಕೃತಿಯ ಆಕಾರವನ್ನು ಮಾತ್ರ ತಂದರೆ, ಬಂಗಾಳದ ಅಲ್ಪನಾ ನಮ್ಮಲ್ಲಿ ಅಂಟಿಸಿದ ಚಿಟ್ಟೆಯಾಗಿ ಪರಿಣಮಿಸುತ್ತದೆ.

೪

ಹಾಗಾದರೆ ಇಂಥ ಕಲೆಯನ್ನು ಯಾವ ಅಳತೆಯಿಂದ ಪರೀಕ್ಷಿಸಬೇಕು? ಸೌಂದರ್ಯವೆಂಬುದು ಮಗುವಿನ ಕೃತಿಗೆ ಭಾರವಾದ ಮಾತು; ಸ್ವಂತಿಕೆಯೆಂಬುದು ಅಸ್ಪಷ್ಟವಾದ ಮಾತು. ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದಕ್ಕೆ ತಕ್ಕ ಪ್ರಮಾಣವೊಂದು ಸಿದ್ಧವಾಗಿದೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥದಲ್ಲಿ ಔಚಿತ್ಯವನ್ನು ಕಾವ್ಯದ ಜೀವಿತವೆಂದು ಪ್ರತಿಪಾದಿಸಿದನು. ಪದ, ವಾಕ್ಯ ಮೊದಲಾದ ಇಪ್ಪತ್ತೇಳು ಸ್ಥಾನಗಳಲ್ಲಿ ಅವನು ಔಚಿತ್ಯವನ್ನು ಪರಿಶೀಲಿಸುತ್ತಾನೆ. ಅವುಗಳಲ್ಲಿ ದೇಶ, ಕಾಲ, ಸ್ವಭಾವ, ಅವಸ್ಥೆ ಎಂಬ ನಾಲ್ಕು ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುತ್ತವೆ. ಕಾವ್ಯಕ್ಕಾಗಿ ಹುಟ್ಟಿದ ತತ್ತ್ವವನ್ನು ಎಲೆ ಮಣ್ಣುಗಳ ಕೆಲಸಕ್ಕೆ ಎಳೆದು ತರುವುದು ಅತಿಯಾಯಿತೆಂದು ಯಾರಾದರೂ ಹೇಳಬಹುದು. ಆದರೆ ಯಾವುದಕ್ಕೆ ಯಾವುದು ಸಲ್ಲುತ್ತದೆಂಬ ವಿವೇಕವೇ ಔಚಿತ್ಯವಾದುದರಿಂದ, ಆ ವಿವೇಕ ಬೇಕಾದ ಎಡೆಯಲ್ಲೆಲ್ಲ ಅದಕ್ಕೆ ಅಧಿಕಾರವುಂಟು.

ಮೊದಲು ಕಾಲೌಚಿತ್ಯವನ್ನು ನೋಡೋಣ. ಮಕ್ಕಳ ಶಿಬಿರಗಳು ಸಾಮಾನ್ಯವಾಗಿ ನಡೆಯುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ, ಆಗ ರಜವಿರುತ್ತದೆ. ಆದರೆ ಮಲೆನಾಡಿನ ಬೇಸಿಗೆ ತರಗೆಲೆಯ ಕಾಲ, ಮತ್ತು ತರಗೆಲೆಯೊಡನೆ ಇಲ್ಲಿ ಒಂದು ಭಯವೂ ಸೇರಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ, ಮುಂದಿನ ಮುಂಗಾರಿನವರೆಗೆ, ಉಣುಗಿನ ಮರಿಗಳು ಕಾಡಿನ ನೆಲದ ಒಣ ಎಲೆಗಳಲ್ಲಿ ಹೆಚ್ಚಾಗಿರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ೨೦೨೪ರಲ್ಲಿಯೂ ಈ ಕಾಯಿಲೆ ಕಾಣಿಸಿಕೊಂಡು ಸಾವು ಸಂಭವಿಸಿತು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಂಚಿಗೆ ಕಳುಹಿಸಿ ಬಗೆಬಗೆಯ ತರಗೆಲೆಗಳನ್ನು ಆಯ್ದು ತರಹೇಳುವ ಯೋಜನೆ ಬೇರೊಂದು ದೇಶದ ಉದ್ಯಾನದಲ್ಲಿ ನಿರಪಾಯವಾಗಿರಬಹುದು. ನರಸಿಂಹರಾಜಪುರದ ಸೀಮೆಯಲ್ಲಿ ಅದು ಅಪಾಯಕರ. ಅನೌಚಿತ್ಯವೆಂಬುದು ಇಲ್ಲಿ ರಸಭಂಗದ ಮಾತಾಗಿ ಉಳಿಯದೆ ಮಗುವಿನ ಜೀವದ ಮಾತೇ ಆಗುತ್ತದೆ.

ಇದಕ್ಕೆ ಪ್ರತಿಯಾಗಿ ಜೂನಿನಿಂದ ಮುಂದೆ ಸೃಷ್ಟಿಯೆಲ್ಲ ಹಸುರಾಗಿ ಸಾಮಗ್ರಿ ತುಂಬಿತುಳುಕುವಾಗ ಮಕ್ಕಳು ಕಿಟಕಿ ಮುಚ್ಚಿದ ಕೊಠಡಿಯಲ್ಲಿರುತ್ತಾರೆ. ಮಳೆ ಅತಿಯಾದ ದಿನ ಶಾಲೆಗೆ ರಜೆ ಘೋಷಣೆಯಾಗುತ್ತದೆ, ಅದು ಅವಶ್ಯವೇ. ಆದರೆ ಮಳೆ ಹೊಳವಾದ ಗಂಟೆಗಳೂ ಉಂಟು. ಜಗಲಿಯೂ ಉಂಟು, ಸೂರಿನ ಹನಿ ಬಿದ್ದು ಅಂಗಳದಲ್ಲಿ ಸಾಲುಗುಳಿ ತೋಡುವುದೂ ಉಂಟು. ಕೆಮ್ಮಣ್ಣಿನ ನೀರು ಹರಿದು ನೆಲದ ಮೇಲೆ ಬಿಡಿಸುವ ಕವಲುಗಳನ್ನು ನೋಡಿ ಮಗು ಹೊಳೆಯ ರೂಪವನ್ನು ಕಲಿಯಬಹುದು. ಎರಡು ಬೆಟ್ಟಗಳ ನಡುವಿನ ನೀಲಿ ಪಟ್ಟಿಯಿಂದ ಅದನ್ನು ಕಲಿಯಲಾಗದು.

ದೇಶೌಚಿತ್ಯವೆಂದರೆ ಆಯಾ ಸ್ಥಳದ ದ್ರವ್ಯ ಆಯಾ ಸ್ಥಳದ ಕೃತಿಯನ್ನು ನಿರ್ಧರಿಸುವುದು. ಈ ಮೂರು ತಾಲ್ಲೂಕುಗಳ ದ್ರವ್ಯಗಳಲ್ಲಿ ಅಗ್ರಸ್ಥಾನ ಅಡಿಕೆಯ ಹಾಳೆಗೆ ಸಲ್ಲಬೇಕು. ಮರ ಅದನ್ನು ತಾನಾಗಿ ಕಳಚುತ್ತದೆ, ಕೀಳಬೇಕಾಗಿಲ್ಲ, ಕಡಿಯಬೇಕಾಗಿಲ್ಲ. ಹಸಿಯಾಗಿದ್ದಾಗ ಬಾಗುತ್ತದೆ, ಒಣಗಿದಾಗ ಸೆಟೆಯುತ್ತದೆ. ನೆನೆಸಿದರೆ ಮತ್ತೆ ಬಾಗುತ್ತದೆ. ಒಳಮೈ ನುಣುಪು, ಹೊರಮೈಯಲ್ಲಿ ಉದ್ದಕ್ಕೂ ನಾರಿನ ಗೆರೆ. ಆ ಗೆರೆಯ ದಿಕ್ಕಿಗೆ ಮಡಿಸಿದರೆ ಮಾತು ಕೇಳುತ್ತದೆ, ಅಡ್ಡ ಮಡಿಸಿದರೆ ಸೀಳುತ್ತದೆ. ಟೋಪಿ, ದೊನ್ನೆ, ನೀರೆರೆಯುವ ಪಾತ್ರೆ, ಮಕ್ಕಳು ಒಬ್ಬರನ್ನೊಬ್ಬರು ಕೂಡಿಸಿ ಎಳೆಯುವ ಹಾಳೆಬಂಡಿ, ಇವೆಲ್ಲ ಈ ಸ್ವಭಾವಜ್ಞಾನದ ಫಲಗಳು. ಒಂದು ಹಾಳೆಯನ್ನು ಎರಡು ದಿನ ಕೈಯಲ್ಲಿ ಹಿಡಿದ ಮಗುವಿಗೆ ದ್ರವ್ಯ ಎಂಬುದು ತನ್ನ ಇಚ್ಛೆಗೆ ಒಡ್ಡುವ ಪ್ರತಿರೋಧ ಏನೆಂದು ತಿಳಿಯುತ್ತದೆ. ಕಲೆಯ ಶಿಕ್ಷಣದಲ್ಲಿ ಇದಕ್ಕಿಂತ ಮೂಲಭೂತವಾದ ಪಾಠ ಬೇರೊಂದಿಲ್ಲ.

ಸ್ವಭಾವೌಚಿತ್ಯದಲ್ಲಿ ಬಣ್ಣಗಳ ವಿಚಾರವನ್ನೂ ಸೇರಿಸಬಹುದು. ತೇಗದ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಹಸುರಿನಿಂದ ಕೆಂಪು ಹೊರಡುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಹಳದಿ ಕೆಂಪಾಗುತ್ತದೆ. ಅಡಿಕೆ ಬೇಯಿಸಿದ ಚೊಗರು ಕಂದುಗೆಂಪು ಬಣ್ಣವನ್ನು ಕೊಡುತ್ತದೆ. ಬಸಳೆಯ ಹಣ್ಣು ನೇರಳೆಯನ್ನು ಕೊಡುತ್ತದೆ. ಮಣ್ಣಿನಲ್ಲಿಯೇ ಕೆಮ್ಮಣ್ಣು, ಜೇಡಿ ಎಂಬ ಭೇದವುಂಟು. ಇವುಗಳ ಜೊತೆಗೆ ಎಚ್ಚರಿಕೆಯೂ ಬೇಕು. ಗೌರಿಹಬ್ಬದ ಸುಮಾರಿಗೆ ಬೇಲಿಯಲ್ಲಿ ಉರಿಯಂತೆ ಅರಳುವ ಗೌರಿಹೂವಿನ ಗಿಡ ಸರ್ವಾಂಗವೂ ವಿಷಯುಕ್ತ. ಕೇರುಬೀಜದ ಕಪ್ಪು ರಸ ಬಟ್ಟೆಗೆ ಗುರುತು ಹಾಕಲು ಒದಗುತ್ತದೆ, ಮೈಗೆ ತಗಲಿದರೆ ಬೊಬ್ಬೆ ಏಳಿಸುತ್ತದೆ. ಇವನ್ನು ತಿಳಿಯದ ಶಿಕ್ಷಕನು ಬಯಲು ಕಲೆಗೆ ಮಕ್ಕಳನ್ನು ಕರೆದೊಯ್ಯುವುದು ವ್ಯಾಕರಣ ತಿಳಿಯದವನು ಕಾವ್ಯಪಾಠಕ್ಕೆ ತೊಡಗಿದಂತೆ.

ಅವಸ್ಥೌಚಿತ್ಯ ಮಗುವಿನ ವಯಸ್ಸಿಗೆ ಸಂಬಂಧಿಸಿದುದು. ಐದಾರು ವರ್ಷದ ಮಗು ತುಂಗೆಯ ದಡದ ಒದ್ದೆ ಮರಳಿನಲ್ಲಿ ಕಾಲಿಟ್ಟು ಮೇಲೆ ಮರಳು ತಟ್ಟಿ ಗೂಡು ಮಾಡುತ್ತದೆ; ಅದಕ್ಕೆ ಅದು ಸಂಪೂರ್ಣ ಕೃತಿ. ಹತ್ತು ವರ್ಷದ ಮಗು ತೆಂಗಿನ ಗರಿಯನ್ನು ನೇಯ್ದು ಹಾವನ್ನೋ ಗಿಳಿಯನ್ನೋ ಮಾಡಬಲ್ಲದು. ಹದಿಮೂರರ ಹುಡುಗಿ ಬಣ್ಣವನ್ನು ಅರೆದು, ಸೋಸಿ, ಗಟ್ಟಿ ತೆಳುವುಗಳನ್ನು ಹವಣಿಸಬಲ್ಲಳು. ಎಲ್ಲರಿಗೂ ಒಂದೇ ಚಿಟ್ಟೆಯನ್ನು ವಿಧಿಸಿದರೆ ಚಿಕ್ಕವರಿಗೆ ಅದು ಅಳವಲ್ಲ, ದೊಡ್ಡವರಿಗೆ ಅದು ಆಟವಲ್ಲ.

೫

ಈ ನಾಲ್ಕು ಔಚಿತ್ಯಗಳೂ ಕೂಡಿಬಂದ ಬಯಲು ಕಲೆ ಮಲೆನಾಡಿನಲ್ಲಿ ಹಿಂದಿನಿಂದ ಇದೆ. ಅದನ್ನು ಕಲೆಯೆಂದು ಕರೆಯುವ ಅಭ್ಯಾಸ ಮಾತ್ರ ನಮಗಿಲ್ಲ. ದೀಪಾವಳಿಯ ಗೋಪೂಜೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಬ್ಬದ ಹಿಂದಿನ ದಿನವೇ ಮನೆಯ ಹಿರಿಯರೂ ಕಿರಿಯರೂ ಜಗಲಿಯಲ್ಲಿ ಕುಳಿತು ಅಡಿಕೆ, ಸಿಂಗಾರ, ಪಚ್ಚೆತೆನೆ, ಚೆಂಡುಹೂವುಗಳನ್ನು ನಾರಿನಲ್ಲಿ ಪೋಣಿಸಿ ದನಕರುಗಳಿಗೆ ಮಾಲೆ ಕಟ್ಟುತ್ತಾರೆ. ಕೆಮ್ಮಣ್ಣನ್ನೂ ಜೇಡಿಯನ್ನೂ ಕಲಸಿ, ಲೋಟದ ಬಾಯನ್ನೋ ಸಿದ್ದೆಯನ್ನೋ ಅದ್ದಿ, ಎತ್ತಿನ ಮೈಮೇಲೆ ಬಳೆಬಳೆಯಾಗಿ ಅಚ್ಚೊತ್ತುತ್ತಾರೆ. ಇಲ್ಲಿ ಚಿತ್ರಭಿತ್ತಿ ಸಜೀವವಾದುದು. ಅದು ಅಲುಗುತ್ತದೆ, ಬಾಲ ಬೀಸುತ್ತದೆ. ಕರಿಯ ಎತ್ತಿಗೆ ಜೇಡಿ ಒಪ್ಪುತ್ತದೆ, ಬಿಳಿಯದಕ್ಕೆ ಕೆಮ್ಮಣ್ಣು ಒಪ್ಪುತ್ತದೆ. ಈ ವರ್ಣವಿವೇಕವನ್ನು ಮಗುವಿಗೆ ಯಾರೂ ಪಾಠವಾಗಿ ಹೇಳುವುದಿಲ್ಲ. ಅಡಿಕೆ ಆಗತಾನೇ ಬಲಿಯುತ್ತಿರುವ ಕಾಲ, ಮಳೆ ಹಿಮ್ಮೆಟ್ಟಿ ಅಂಗಳ ಒಣಗಿದ ಕಾಲ: ಕಾಲೌಚಿತ್ಯ ತಾನಾಗಿ ಒದಗಿದೆ. ಎತ್ತು ಸಂಜೆಗೆ ಮಾಲೆಯನ್ನು ಹರಿದು ತಿಂದರೂ ಯಾರೂ ಮರುಗುವುದಿಲ್ಲ.

ಇದಕ್ಕಿಂತ ಕೆಲವು ದಿನ ಮೊದಲು ಬರುವ ಭೂಮಿ ಹುಣ್ಣಿಮೆಯ ಬುಟ್ಟಿ ಇನ್ನೊಂದು ನಿದರ್ಶನ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಎಳೆಗಳನ್ನು ಬರೆಯುತ್ತಾರೆ. ಅವರ ಹಸೆ ಚಿತ್ತಾರದಲ್ಲಿ ಕಪ್ಪು ಹುರಿದ ಅಕ್ಕಿಯಿಂದಲೂ ಹಳದಿ ಗುರಿಗೆ ಕಾಯಿಯಿಂದಲೂ ದೊರೆಯುತ್ತದೆ. ಕುಂಚ ಪುಂಡಿಯ ನಾರಿನದು. ಪೈರು ತುಂಬಿದ ಗದ್ದೆಯ ಭೂಮಿತಾಯಿಗೆ ಎಡೆ ಒಯ್ಯುವ ಬುಟ್ಟಿಯ ಮೇಲೆ ಅಕ್ಕಿಯೇ ಬಣ್ಣವಾಗುತ್ತದೆಂಬುದರಲ್ಲಿ ವಸ್ತುವಿಗೂ ಅರ್ಥಕ್ಕೂ ಇರುವ ಐಕ್ಯವನ್ನು ಸಹೃದಯರು ಗಮನಿಸದಿರಲಾರರು. ಕೊಪ್ಪದ ಶಾಲೆಯೊಂದು ಪಕ್ಕದ ಜಿಲ್ಲೆಯ ಈ ವಿದ್ಯೆಯನ್ನು ಗೌರವದಿಂದ ಕಲಿತುಕೊಂಡರೆ ಅದು ದೂರದ ಎರವಲಾಗುವುದಿಲ್ಲ. ಮಣ್ಣು ಅದೇ, ಅಕ್ಕಿ ಅದೇ.

೬

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಹಬ್ಬದ ಕಲೆ ಪುನರಾವೃತ್ತಿಯ ಕಲೆ, ಅದರಲ್ಲಿ ಮಗುವಿನ ಸ್ವತಂತ್ರ ಕಲ್ಪನೆಗೆ ಎಡೆ ಎಲ್ಲಿ? ಚಿಜೆಕನ ಪಕ್ಷದವರು ಹೀಗೆ ಕೇಳುವುದು ಸಹಜ, ಪ್ರಶ್ನೆಯೂ ಬಲವಾದುದೇ. ಆದರೆ ಎರಡು ಬೆಟ್ಟಗಳ ಚಿತ್ರವೂ ಪುನರಾವೃತ್ತಿಯೇ ಆಗಿದೆಯಲ್ಲ. ವ್ಯತ್ಯಾಸವೆಂದರೆ, ಆ ಚಿತ್ರದಲ್ಲಿ ಪುನರಾವೃತ್ತವಾಗುವುದು ಒಂದು ಆಕಾರ. ಮಾಲೆಯಲ್ಲಿ ಪುನರಾವೃತ್ತವಾಗುವುದು ಒಂದು ಕ್ರಮ. ಛಂದಸ್ಸು ತಿಳಿದವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಷಟ್ಪದಿಯ ಕಟ್ಟನ್ನು ನೂರು ಕವಿಗಳು ಬಳಸಿದರು. ಆ ಕಟ್ಟಿನೊಳಗೆ ಅವರವರ ನಡೆ ಬೇರೆಯಾಯಿತು. ಯಾವ ಹೂವಿನ ಪಕ್ಕದಲ್ಲಿ ಯಾವ ಕಾಯಿ, ಎಷ್ಟು ಎಡೆ, ಎಲ್ಲಿ ಗಂಟು ಎಂಬುದನ್ನು ಮಗುವೇ ನಿರ್ಣಯಿಸುತ್ತದೆ. ಆದರೂ ಶಾಲೆ ಹಬ್ಬದ ಮಾದರಿಯಲ್ಲಿಯೇ ನಿಂತುಬಿಡಬಾರದೆಂಬುದನ್ನು ನಾವು ಒಪ್ಪುತ್ತೇವೆ. ದ್ರವ್ಯದ ಪಾಠವನ್ನು ಹಬ್ಬದಿಂದ ಪಡೆದು, ಅದನ್ನು ತನ್ನ ನೋಟಕ್ಕೆ ದುಡಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮಗುವಿಗೆ ಬಿಡಬೇಕು.

ಎರಡನೆಯ ಆಕ್ಷೇಪ ಬಾಳಿಕೆಯದು. ಉಳಿಯದ ವಸ್ತುವನ್ನು ಪ್ರದರ್ಶಿಸುವುದೆಂತು, ಅಂಕ 

ಕೊಡುವುದೆಂತು? ನಮ್ಮ ರಾಜ್ಯದ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆಗೂ ಮಣ್ಣಿನ ಮಾದರಿಗೂ ಸ್ಪರ್ಧೆಗಳುಂಟು. ಸ್ಪರ್ಧೆಯಿಂದ ಅನೇಕ ಮಕ್ಕಳಿಗೆ ಪ್ರೋತ್ಸಾಹ ದೊರೆತಿದೆಯೆಂಬುದೂ ನಿಜ. ಆದರೆ ಸ್ಪರ್ಧೆಗೆ ಗೊತ್ತಾದ ಹೊತ್ತು ಬೇಕು, ತೀರ್ಪುಗಾರರ ಮೇಜಿನ ಮೇಲೆ ನಿಲ್ಲುವ ವಸ್ತು ಬೇಕು. ಋತುವಿಗಾಗಿ ಕಾಯುವ, ಮಳೆಗೆ ಕರಗುವ ಕೃತಿ ಅಲ್ಲಿಗೆ ಬರಲಾರದು. ಹಾಗೆಂದು ಅದು ಕೀಳಾಗುವುದಿಲ್ಲ. ಶೃಂಗೇರಿಯಲ್ಲಿಯೇ ಇದಕ್ಕೆ ಉತ್ತರವಿದೆ. ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಸ್ತಂಭಗಳಿವೆ. ಕಂಬದ ಸಿಂಹಗಳ ಬಾಯಲ್ಲಿ ಹೊರಳುವ ಕಲ್ಲಿನ ಗುಂಡುಗಳಿವೆ. ಅದೇ ಊರಿನ ಮನೆಗಳ ಮುಂದೆ ಬೆಳಗ್ಗೆ ಇಟ್ಟ ರಂಗವಲ್ಲಿ ಮಧ್ಯಾಹ್ನದೊಳಗೆ ಅಳಿಸಿಹೋಗುತ್ತದೆ. ನಮ್ಮ ಪರಂಪರೆ ಶತಮಾನಗಳ ಕಲ್ಲನ್ನೂ ಒಂದು ಹೊತ್ತಿನ ಹಿಟ್ಟನ್ನೂ ಕಲೆಯೆಂದೇ ಬಗೆದಿದೆ. ಇಂಗ್ಲೆಂಡಿನಲ್ಲಿ ೧೯೫೬ರಲ್ಲಿ ಹುಟ್ಟಿದ ಆ್ಯಂಡಿ ಗೋಲ್ಡ್ಸ್‌ವರ್ದಿ ಎಲೆಗಳನ್ನು ಮುಳ್ಳಿನಿಂದ ಹೊಲಿದು, ಮಂಜುಗಡ್ಡೆಯನ್ನು ಜೋಡಿಸಿ, ಗಾಳಿಗೂ ಬಿಸಿಲಿಗೂ ಬಿಟ್ಟುಕೊಡುವ ಕೃತಿಗಳಿಂದ ಲೋಕಪ್ರಸಿದ್ಧನಾದನು. ಅವನ ಕೃತಿಗಳು ನಮಗೆ ತಲುಪುವುದು ಛಾಯಾಚಿತ್ರಗಳಿಂದಲೇ. ಆದರೆ ಆ ಛಾಯಾಚಿತ್ರದ ಹಿಂದೆ ದ್ರವ್ಯದೊಡನೆ ಬಹುಕಾಲ ನಡೆಸಿದ ಸಂವಾದವಿದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಕ್ಕಾಗಿಯೇ ಅರ್ಧ ಗಂಟೆಯಲ್ಲಿ ಮಾಡಿಸಿದ ಎಲೆಗಳ ವೃತ್ತಕ್ಕೂ ಅದಕ್ಕೂ ಹೋಲಿಕೆ ಮೇಲ್ನೋಟದ್ದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗುರುತರವಾದುದು. ಎತ್ತು ಯಾರದು, ತೋಟ ಯಾರದು? ಹಬ್ಬದ ಕಲೆಯಲ್ಲಿ ಜಾತಿಯ ಗೆರೆಗಳಿವೆ, ಹೆಣ್ಣು ಗಂಡುಗಳ ಗೆರೆಗಳಿವೆ. ಕಾಫಿ ತೋಟದ ಲೈನುಮನೆಗಳಲ್ಲಿ ವಾಸಿಸುವ ಕಾರ್ಮಿಕರ ಮಗುವಿಗೆ, ದೂರದ ಊರಿನಿಂದ ದುಡಿಮೆಗೆ ಬಂದವರ ಮಗುವಿಗೆ, ಈ ಜಗಲಿಗಳಲ್ಲಿ ಸ್ಥಾನವೆಲ್ಲಿ? ಈ ಪ್ರಶ್ನೆಗೆ ಪರಂಪರೆಯಲ್ಲಿ ತೃಪ್ತಿಕರವಾದ ಉತ್ತರವಿಲ್ಲ. ಉತ್ತರವಿರುವುದು ಶಾಲೆಯಲ್ಲಿ. ಮನೆಯ ಜಗಲಿ ಕೆಲವರಿಗೆ ಮಾತ್ರ ಕಲಿಸಿದುದನ್ನು ಶಾಲೆಯ ಅಂಗಳ ಎಲ್ಲರಿಗೂ ಕಲಿಸಬಲ್ಲದು. ಬಿದ್ದ ಹಾಳೆ, ಹೊಳೆಯ ಮರಳು, ದಾರಿಯ ಕೆಮ್ಮಣ್ಣು ಇವಕ್ಕೆ ಒಡೆತನದ ಹಂಗು ಕಡಮೆ. ಹೊರಗಿನಿಂದ ಬಂದ ಮಗು ತನ್ನೂರಿನ ರಂಗವಲ್ಲಿಯ ಎಳೆಯನ್ನೋ ಜೋಳದ ದಂಟಿನ ಗಾಡಿಯನ್ನೋ ಜೊತೆಗೆ ತರುತ್ತದೆ. ಅದೂ ಈ ಅಂಗಳದಲ್ಲಿ ಸೇರಬೇಕು. ದೇಶೌಚಿತ್ಯವೆಂದರೆ ಊರಿನ ಬಾಗಿಲು ಮುಚ್ಚುವುದೆಂದು ಅರ್ಥವಲ್ಲ.

೭

ಕೊನೆಗೆ, ಈ ವಿಚಾರದಿಂದ ಪ್ರಯೋಜನವೇನೆಂಬ ಪ್ರಶ್ನೆ ಉಳಿಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ತೋಟಗಳು ದಶಕಗಳಿಂದ ಹಳದಿ ಎಲೆ ರೋಗಕ್ಕೆ ತುತ್ತಾಗಿವೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಅದರೊಡನೆ ಸೇರಿಕೊಂಡಿತು. ಈ ರೋಗಗಳಿಂದ ಮನೆತನಗಳ ಬದುಕು ಕದಲಿದೆ. ದೊಡ್ಡವರ ಮಾತಿನಲ್ಲಿ ದಿನವೂ ಅದು ಬರುತ್ತದೆ. ಆದರೆ ಆ ಮನೆಯ ಮಗು ಬರೆದ ಪ್ರಕೃತಿಯ ಚಿತ್ರದಲ್ಲಿ ಮರ ಹಸುರಾಗಿಯೇ ಇರುತ್ತದೆ, ಏಕೆಂದರೆ ಮರವೆಂದರೆ ಹಸುರೆಂದು ಅದು ಕಲಿತಿದೆ. ಗರಿಯ ತುದಿಯಿಂದ ಹಳದಿ ಹೇಗೆ ಒಳಗೆ ಇಳಿಯುತ್ತದೆ, ನಡುನರ ಎಷ್ಟು ಕಾಲ ಹಸುರಾಗಿ ಉಳಿಯುತ್ತದೆ, ಚುಕ್ಕೆಯ ಅಂಚು ಯಾವ ಬಣ್ಣ ಎಂಬುದನ್ನು ಅರಿಸಿನ, ಚೊಗರು, ಕೆಮ್ಮಣ್ಣುಗಳಿಂದ ಹಾಳೆಯ ಮೇಲೆ ಬರೆಯಲು ಕುಳಿತ ಮಗು ತನ್ನ ತೋಟವನ್ನು ಮೊದಲ ಸಲ ನಿಜವಾಗಿ ನೋಡುತ್ತದೆ. ಆ ಚಿತ್ರ ಸುಂದರವಾಗಿರಬೇಕಾಗಿಲ್ಲ, ರೋಗವನ್ನು ಅದು ಗುಣಪಡಿಸುವುದೂ ಇಲ್ಲ. ಆದರೆ ಮುಂದೆ ಆ ತೋಟವನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ನಿರ್ಣಯಿಸಬೇಕಾದವರು ಆ ಮಕ್ಕಳೇ. ನೋಡದೆಯೇ ಬೆಳೆದವರು ಆ ನಿರ್ಣಯವನ್ನು ಹೇಗೆ ಮಾಡಿಯಾರು?

ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡತಕ್ಕ ಕೆಲಸವಿದೆ. ಜನಪದ ಗೀತೆಗಳನ್ನೂ ಕಥೆಗಳನ್ನೂ ನಾವು ಶ್ರದ್ಧೆಯಿಂದ ಸಂಗ್ರಹಿಸಿದ್ದೇವೆ. ದೀಪಾವಳಿಯ ರಾತ್ರಿಗಳಲ್ಲಿ ಮಲೆನಾಡಿನ ಮನೆಮನೆಗೆ ಹೋಗುವ ಅಂಟಿಗೆ ಪಂಟಿಗೆಯ ಹಾಡುಗಳು ಗ್ರಂಥಸ್ಥವಾಗಿವೆ. ಅದೇ ಹಬ್ಬದ ಹಗಲಿನಲ್ಲಿ ಮಕ್ಕಳ ಕೈ ಮಾಡುವ ಕೆಲಸಕ್ಕೆ ಅಂಥ ಗಮನ ದೊರೆತಿಲ್ಲ. ಯಾವ ನಾರು, ಯಾವ ಗಂಟು, ಯಾವ ಎಲೆ ಯಾವ ತಿಂಗಳಲ್ಲಿ, ಯಾವ ಬಣ್ಣ ಎಷ್ಟು ದಿನ ನಿಲ್ಲುತ್ತದೆ, ಯಾವ ಗಿಡವನ್ನು ಮುಟ್ಟಬಾರದು, ಇವುಗಳಿಗೆ ಊರೂರಿನಲ್ಲಿರುವ ಹೆಸರುಗಳೇನು ಎಂಬುದನ್ನು ತಾಲ್ಲೂಕುವಾರಾಗಿ ಬರೆದಿಟ್ಟುಕೊಳ್ಳಬೇಕು. ಅಂಥ ಒಂದು ಪಟ್ಟಿ ಶಾಲೆಯ ಶಿಕ್ಷಕರ ಕೈಗೆ ಸೇರಿದರೆ, ಮುಂದಿನ ಶಿಬಿರದ ಯೋಜನೆಯನ್ನು ಅವರು ಬೇರೆಡೆಯಿಂದ ತರಬೇಕಾಗುವುದಿಲ್ಲ. ಆಗ ಶಿಬಿರದ ತಿಂಗಳೂ ಬದಲಾಗಬಹುದು. ಬೇಸಿಗೆಯ ತರಗೆಲೆಯನ್ನು ಬಿಟ್ಟು, ಮಳೆ ಹಿಂದೆಗೆದ ದೀಪಾವಳಿಯ ಸುಮಾರಿಗೆ ಮಕ್ಕಳು ಅಂಗಳಕ್ಕೆ ಇಳಿಯಬಹುದು.